ಇದಾ, ಅದಾ?

ಅವತ್ತಿನ ಅಷ್ಟೂ ತಾಪತ್ರಯಕ್ಕೆ ಮೂಲ, ಬೆಳಗಿನ ಚಹಾದ ಹೊತ್ತಿನಲ್ಲಿ ಕನ್ನಡಕದಣ್ಣನ ಬಾಯಿಂದ ಜಾರಿದ ಒಂದು ಮಾತು: “ನಿನ್ನಿಷ್ಟ ಮಗಳೇ.”

ಮಗಳು ಕೇಳಿದ್ದು ಸೀದಾ ಪ್ರಶ್ನೆ. ಅವಳಿಗೆ ಸಸ್ಯಶಾಸ್ತ್ರ ಓದಲು ಒಂದೇ ವಿಶ್ವವಿದ್ಯಾಲಯದ ಎರಡು ಕ್ಯಾಂಪಸ್ಸಿನಲ್ಲೂ ಸೀಟು ಸಿಕ್ಕಿತ್ತು. ಒಂದು ಊರಂಚಿನದು. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಹೋದರೆ ಸಂಜೆ ಮನೆಗೆ ಬಂದು ಚಹಾ ಕುಡಿಯಬಹುದು. ಇನ್ನೊಂದು ಬೆಟ್ಟದ ಮೇಲಿನದು. ರೈಲಿನಲ್ಲಿ ಒಂದು ರಾತ್ರಿ ಕಳೆದು, ಇಳಿದ ಮೇಲೂ ಬಸ್ಸು ಹಿಡಿಯಬೇಕು. ಅಲ್ಲಿ ಸೇರಿದವರು ಮನೆಯ ಮುಖ ಕಾಣುವುದು ರಜೆಯಲ್ಲಿ ಮಾತ್ರ. ಯಾವುದು ಎಂದು ಹೇಳುವುದಕ್ಕೂ, ಹೇಳಿದವರು ಮನಸ್ಸು ಬದಲಾಯಿಸುವುದಕ್ಕೂ ಅವತ್ತು ಸಂಜೆ ಐದು ಗಂಟೆಯೇ ಕೊನೆ. “ನೀನು ಎಲ್ಲಿ ಅಂತೀಯೋ ಅಲ್ಲಿಗೆ ಹೋಗ್ತೀನಪ್ಪ,” ಎಂದು ಮಗಳು ಲೋಟ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

ಹತ್ತಿರದಲ್ಲೇ ಇರು ಎನ್ನುವ ಮಾತು ಕನ್ನಡಕದಣ್ಣನ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ಕೂತಿತು. ಹಾಗಂದರೆ ಸ್ವಾರ್ಥಿ ಅಪ್ಪ ಅನ್ನಿಸಿಕೊಳ್ಳಬೇಕು. ನಾಳೆ ಅವಳಿಗೆ ಅಲ್ಲಿ ಏನಾದರೂ ಸರಿಹೋಗದಿದ್ದರೆ ‘ನೀನೇ ತಾನೇ ಹೇಳಿದ್ದು’ ಎಂದು ಜೀವಮಾನವಿಡೀ ಕೇಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾಗಿ ಅವಳೇ ತಾನಾಗಿ ಹತ್ತಿರದ್ದನ್ನು ಆರಿಸಬೇಕು, ಅವನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಂತೆ ಕಾಣಬೇಕು. ಆದ್ದರಿಂದಲೇ “ನಿನ್ನಿಷ್ಟ” ಎಂದದ್ದು.

ಡ್ಯೂಟಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಲೇ ಇದನ್ನು ಕೇಳಿಸಿಕೊಂಡಳು. ಆಸ್ಪತ್ರೆಯಲ್ಲಿ ನರ್ಸಾಗಿ ಅವಳು ಬಹಳ ಜನ ರೋಗಿಗಳನ್ನು ನೋಡಿದ್ದಳು, ಎಲ್ಲಿ ನೋವು ಎಂದು ಬಾಯಿಬಿಟ್ಟು ಹೇಳದ ರೋಗಿಯನ್ನು ಮಾತ್ರ ಅವಳಿಗೆ ಕಂಡರಾಗುತ್ತಿರಲಿಲ್ಲ. “ಇರು ಅಂತ ಒಂದು ಮಾತು ಹೇಳಿಬಿಡಿ. ನಾಲಿಗೆ ಏನು ಸವೆದುಹೋಗಲ್ಲ,” ಎಂದು ಗಂಡನಿಗೆ ಮಾತ್ರ ಕೇಳುವಂತೆ ಹೇಳಿ ಹೊರಟುಹೋದಳು.

ಅವನಿಗೆ ನೋವಿದ್ದದ್ದು ನಿಜ. ಅವನ ಕನ್ನಡಕದ ಅಂಗಡಿಯಲ್ಲಿ ಒಂದು ತಿರುಗುವ ಸ್ಟೂಲಿದೆ. ಮಗಳು ಕಾಲು ನೆಲಕ್ಕೆ ತಾಕದ ವಯಸ್ಸಿನಿಂದಲೂ ಶಾಲೆ ಬಿಟ್ಟವಳು ನೇರ ಅಂಗಡಿಗೆ ಬಂದು ಆ ಸ್ಟೂಲಿನ ಮೇಲೆ ಕೂತು, ಗಿರಕಿ ಹೊಡೆಯುತ್ತ, ಆ ದಿನ ಏನೇನಾಯಿತೆಂದು ವರದಿ ಒಪ್ಪಿಸುತ್ತಿದ್ದಳು. ಹೆಂಡತಿಗೆ ಪಾಳಿಯ ಕೆಲಸ. ಅವಳು ಮನೆಯಲ್ಲಿದ್ದಾಗ ಇವನು ಅಂಗಡಿಯಲ್ಲಿ, ಇವನು ಮನೆಯಲ್ಲಿದ್ದಾಗ ಅವಳು ನಿದ್ದೆಯಲ್ಲಿ. ಇಡೀ ದಿನದಲ್ಲಿ ಅವನ ಜೊತೆ ಕಣ್ಣಿನ ನಂಬರು ಬಿಟ್ಟು ಬೇರೆ ವಿಷಯ ಮಾತಾಡುವ ಒಂದೇ ಜೀವ ಆ ಹುಡುಗಿ. ಅಂಗಡಿಯ ಷಟರು ಬಲಗಡೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿತ್ತು. ಕೊಕ್ಕೆ ಹಾಕಿ ಅವನು ನಡುವಿನಲ್ಲಿ ಎಳೆದರೆ ಅವಳು ಬಲಗಡೆ ಅಂಗೈ ಕೊಟ್ಟು ಒತ್ತಬೇಕು, ಆಗ ಇಳಿಯುತ್ತದೆ. ಅವಳು ಬೆಟ್ಟ ಹತ್ತಿಬಿಟ್ಟರೆ ಆ ಸ್ಟೂಲಿನ ಮೇಲೆ ಧೂಳು ಕೂರುತ್ತದೆ ಅಷ್ಟೆ.

ಇಷ್ಟಿದ್ದೂ ಹೇಳದೆ ಉಳಿದದ್ದು ಕಸುಬಿನ ದೋಷ ಅನ್ನಬೇಕು. ಗಿರಾಕಿಯ ಮೂಗಿನ ಮೇಲೆ ಕಣ್ಣು ಪರೀಕ್ಷಿಸುವ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, “ಇದಾ, ಅದಾ?” ಎಂದು ಕೇಳುವುದೇ ಅವನ ಜೀವನ. ಏನು ಕಾಣುತ್ತದೆಂದು ಹೇಳುವುದು ಯಾವಾಗಲೂ ಎದುರಿಗಿದ್ದವರ ಕೆಲಸ. ಈ ಕಸುಬಿನಲ್ಲಿ ಅವನು ಒಂದು ಉಪಾಯ ಕಂಡುಕೊಂಡಿದ್ದ. ಎರಡರಲ್ಲಿ ಯಾವುದು ಸ್ಪಷ್ಟ ಎಂದು ತೀರ್ಮಾನಿಸಲಾಗದೆ ಒದ್ದಾಡುವ ಗಿರಾಕಿ ಸಿಕ್ಕರೆ, ಸರಿಯಾದ ಗಾಜನ್ನೇ ತೆಗೆದಂತೆ ಮಾಡಿ, ಒರೆಸಿ, ಮತ್ತೆ ಅದನ್ನೇ ಹಾಕಿಬಿಡುತ್ತಿದ್ದ. “ಇದಾ, ಅದಾ?” ಗಿರಾಕಿ ಮುಖ ಅರಳಿಸಿ, ಎರಡನೆಯದು ಬಹಳ ಚೆನ್ನಾಗಿದೆ ಎನ್ನುತ್ತಿದ್ದ. ತಾನೇ ಆರಿಸಿದೆ ಎಂಬ ತೃಪ್ತಿಯಲ್ಲಿ ಮನೆಗೆ ಹೋಗುತ್ತಿದ್ದ. ಈ ಗುಟ್ಟು ಗೊತ್ತಿದ್ದದ್ದು ಸ್ಟೂಲಿನ ಮೇಲೆ ಕೂತು ನೋಡಿದ್ದ ಮಗಳೊಬ್ಬಳಿಗೇ.

ಮಗಳ ವಿಷಯದಲ್ಲೂ ಅವನು ಇಂಥದೇ ಒಂದು ಏರ್ಪಾಡು ಮಾಡಿಟ್ಟಿದ್ದ. ಹತ್ತಿರದ ಕ್ಯಾಂಪಸ್ಸನ್ನು ಒಮ್ಮೆ ನೋಡಿಕೊಂಡು ಬರೋಣ, ಆಮೇಲೆ ನಿನ್ನಿಷ್ಟ ಎಂದ. ಅಲ್ಲಿನ ಗೇಟಿನ ಕಾವಲುಗಾರನೂ ಸಸ್ಯಶಾಸ್ತ್ರದ ಪ್ರೊಫೆಸರೂ ಅವನ ಗಿರಾಕಿಗಳು. ಇಬ್ಬರ ಕಿವಿಯಲ್ಲೂ ಎರಡು ದಿನದ ಹಿಂದೆಯೇ ಊದಿ ಇಟ್ಟಿದ್ದ.

ಇಬ್ಬರೇ ಸಿಟಿ ಬಸ್ಸಿನಲ್ಲಿ ಹೋಗಬೇಕೆಂದು ಅವನ ಆಸೆ. ಆದರೆ ಬೀದಿಯ ಜನ ಇರುವುದು ಯಾತಕ್ಕೆ? ಮಧ್ಯಾಹ್ನ ಊಟ ಮುಗಿಸಿ ಹೊರಬೀಳುವಷ್ಟರಲ್ಲಿ ಮನೆ ಮುಂದೆ ಒಂದು ವ್ಯಾನು ನಿಂತಿತ್ತು. ಅದರ ಸ್ಟೇರಿಂಗಿನ ಮುಂದೆ ಹೆಂಡತಿಯ ತಮ್ಮ. ಬಾಡಿಗೆ ವ್ಯಾನು ಓಡಿಸುವ ಈ ಮಹಾಶಯ ಯಾರು ಏನು ಹೇಳಿದರೂ “ನಂಗೊತ್ತು” ಎನ್ನುತ್ತಿದ್ದ. ಹಾಗಾಗಿ ಅವನ ಹೆಸರೇ ನಂಗೊತ್ತು ಎಂದಾಗಿತ್ತು. ಮಹಡಿಯ ಮೇಲೆ ಬಾಡಿಗೆಗಿದ್ದ ನಿವೃತ್ತ ಭೂಗೋಳದ ಮೇಷ್ಟ್ರು ಆಗಲೇ ಮುಂದಿನ ಸೀಟಿನಲ್ಲಿ ಕೊಡೆ ಸಮೇತ ವಿರಾಜಮಾನರಾಗಿದ್ದರು. ಅಂಗಡಿಯ ಪಕ್ಕದ ಇಸ್ತ್ರಿಯಮ್ಮ, ಸೀಟು ಖಾಲಿ ಹೋಗುತ್ತದಲ್ಲ ಎಂದು ಹತ್ತಿದ್ದಳು.

“ಇದು ಮನೆ ವಿಷಯ ಮೇಷ್ಟ್ರೇ, ನಿಮಗ್ಯಾಕೆ ತೊಂದ್ರೆ,” ಎಂದು ಕನ್ನಡಕದಣ್ಣ ಹಲ್ಲು ಕಿರಿದ.

“ತೊಂದ್ರೆ ಏನು ಬಂತು, ಮಗು ಭವಿಷ್ಯ ಅಲ್ವಾ,” ಎಂದು ಮೇಷ್ಟ್ರು ಜಾಗ ಬಿಡದೆ ಕೂತರು.

ದಾರಿಯುದ್ದಕ್ಕೂ ಮಗುವಿನ ಭವಿಷ್ಯವನ್ನು ಮೇಷ್ಟ್ರೂ ಇಸ್ತ್ರಿಯಮ್ಮನೂ ಸೇರಿ ಹರಿದು ಹಂಚಿದರು. ದೂರದ ಬೆಟ್ಟ ನುಣ್ಣಗೆ, ಹತ್ತಿರ ಹೋದರೆ ಕಲ್ಲುಮುಳ್ಳು ಎಂದು ಮೇಷ್ಟ್ರು ತಮ್ಮ ಭೂಗೋಳದ ಜ್ಞಾನವನ್ನೆಲ್ಲ ಒಂದು ಗಾದೆಯಲ್ಲಿ ಮುಗಿಸಿದರು. ಹತ್ತಿರದ್ದೇ ಸರಿ ಎಂಬುದು ಅವರ ಖಡಾಖಂಡಿತ ಅಭಿಪ್ರಾಯ. ಕನ್ನಡಕದಣ್ಣನಿಗೆ ಅವರು ಬಂದದ್ದು ಒಳ್ಳೆಯದೇ ಆಯಿತೇನೋ ಅನ್ನಿಸಿತು. ಎಲ್ಲಿ ಓದಿದರೂ ಬಟ್ಟೆ ಸುಕ್ಕಾಗುತ್ತದೆ, ಇಸ್ತ್ರಿ ಕಲಿತಿರುವುದು ವಾಸಿ ಎಂದು ಇಸ್ತ್ರಿಯಮ್ಮನ ಸಲಹೆ. ಮಗಳು ಕಿಟಕಿಯ ಹೊರಗೆ ನೋಡುತ್ತ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ನಂಗೊತ್ತು ಮಾತ್ರ ಅಭಿಪ್ರಾಯ ಹೇಳದೆ ಒಳದಾರಿ ಹಿಡಿದ. ಮುಖ್ಯರಸ್ತೆಯಲ್ಲಿ ಹೋಗಪ್ಪ ಎಂದು ಕನ್ನಡಕದಣ್ಣ ಹೇಳಿದ್ದಕ್ಕೆ “ನಂಗೊತ್ತು ಭಾವ” ಎಂದ. ಒಳದಾರಿ ಒಂದು ಇಟ್ಟಿಗೆ ಗೂಡಿನಲ್ಲಿ ಕೊನೆಗೊಂಡಿತು. ಹಿಂದಕ್ಕೆ ತಿರುಗಿಸಿದ್ದು ರೈಲ್ವೆ ಗೇಟಿಗೆ ಸಿಕ್ಕಿಕೊಂಡಿತು. ಅಲ್ಲಿಂದ ಬಿಡಿಸಿಕೊಂಡದ್ದು, ಹೊರಟ ಬೀದಿಯ ಮೂಲೆಗೇ ಬಂದು ಮುಟ್ಟಿತು. ಸ್ವಂತ ಅಂಗಡಿಯ ಮುಚ್ಚಿದ ಷಟರನ್ನು ಕನ್ನಡಕದಣ್ಣ ವ್ಯಾನಿನ ಕಿಟಕಿಯಿಂದ ಅಪರಿಚಿತನ ಹಾಗೆ ನೋಡಿದ. ಹತ್ತಿರದ ಕ್ಯಾಂಪಸ್ಸಿಗೆ ಇದ್ದ ಒಂದೇ ಒಂದು ದೊಡ್ಡ ಗುಣವೆಂದರೆ ಹತ್ತಿರವಿರುವುದು. ನಂಗೊತ್ತು ಅದನ್ನೂ ಉಳಿಸಲಿಲ್ಲ.

“ಬೆಟ್ಟಕ್ಕೆ ಹೋಗೋ ರೈಲು ಇಷ್ಟು ಹೊತ್ತಿಗೆ ಅರ್ಧ ದಾರಿ ಹೋಗಿರ್ತಿತ್ತು,” ಎಂದು ಇಸ್ತ್ರಿಯಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡಳು.

ಕೊನೆಗೂ ಗೇಟು ತಲುಪಿದಾಗ ನಾಲ್ಕು ಹೊಡೆದಿತ್ತು. ಕಾವಲುಗಾರ ಹೊಸ ಕನ್ನಡಕದೊಳಗಿಂದ ದೂರದಲ್ಲೇ ಗುರುತು ಹಿಡಿದು ಓಡೋಡಿ ಬಂದ. ಅವನಿಗೆ ಕನ್ನಡಕದಣ್ಣ ಹೇಳಿಕೊಟ್ಟದ್ದು ಇಷ್ಟೆ: ಮಗಳು ಬಂದಾಗ ಜಾಗ ಸ್ವಲ್ಪ ಹಸಿರಾಗಿ, ಲಕ್ಷಣವಾಗಿ ಕಾಣಬೇಕು, ಅದು ತಾನಾಗಿಯೇ ಹಾಗಿದ್ದಂತೆ ಕಾಣಬೇಕು. ಕಾವಲುಗಾರ ವ್ಯಾನಿನ ಕಿಟಕಿಗೆ ತಲೆ ತೂರಿಸಿ, ಎಲ್ಲ ನೀವು ಹೇಳಿದ ಹಾಗೇ ಮಾಡಿಟ್ಟಿದ್ದೀನಿ ಅಣ್ಣಾ, ಕಾರಂಜಿನೂ ಬಿಡ್ತೀನಿ ಎಂದು ಗಟ್ಟಿಯಾಗಿ ವರದಿ ಒಪ್ಪಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕನ್ನಡಕದಣ್ಣ, ಯಾರೋ ಬೇರೆಯವರು ಅಂದುಕೊಂಡಿದ್ದಾನೆ ಪಾಪ, ಎಂದು ಯಾರೂ ಕೇಳದೆಯೇ ಸಮಜಾಯಿಷಿ ಕೊಟ್ಟ.

ಕಾರಂಜಿ ಬಿಟ್ಟದ್ದೂ ಆಯಿತು. ಬಹಳ ದಿನದಿಂದ ಮುಚ್ಚಿದ್ದ ಕೊಳವೆ ಮೊದಲು ಕೆಮ್ಮಿ, ಆಮೇಲೆ ಕಂದು ಬಣ್ಣದ ನೀರನ್ನು ಮೇಲಕ್ಕೆ ಬಿಡದೆ ಪಕ್ಕಕ್ಕೆ ಉಗುಳಿತು. ಪಕ್ಕದಲ್ಲಿ ಮೇಷ್ಟ್ರಿದ್ದರು. ಕೊಡೆ ಅವರ ಕೈಯಲ್ಲೇ ಇತ್ತು. ಬಿಚ್ಚಲು ಸಮಯ ಸಿಗಲಿಲ್ಲ. ಹತ್ತಿರದ ಕ್ಯಾಂಪಸ್ಸಿನ ಬಗ್ಗೆ ಅವರಿಗಿದ್ದ ಖಡಾಖಂಡಿತ ಅಭಿಪ್ರಾಯ ಆ ಕ್ಷಣದಿಂದ ಸ್ವಲ್ಪ ಸ್ವಲ್ಪವೇ ಬದಲಾಗತೊಡಗಿತು.

ಅಲ್ಲಿಂದ ಗಾಜಿನ ಮನೆಗೆ. ಸಸ್ಯಶಾಸ್ತ್ರದವರು ಗಿಡ ಬೆಳೆಸುವ ಜಾಗ ಅದು. ಹೊರಗಿನಿಂದ ನೋಡಿದರೆ ಒಳಗೆ ಹಸಿರೋ ಹಸಿರು. ಕನ್ನಡಕದಣ್ಣನ ಎದೆ ಅರಳಿತು. ನೋಡು ಮಗಳೇ, ಎಷ್ಟು ಸೊಂಪಾಗಿ ಬೆಳೆಸಿದ್ದಾರೆ, ಇಂಥದ್ದು ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಬಾಗಿಲು ತಾನೇ ತೆಗೆದ. ಮಗಳು ಒಳಹೊಕ್ಕು ಒಂದು ಕುಂಡದ ಮುಂದೆ ಬಗ್ಗಿ, ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ಆಮೇಲೆ ಪಕ್ಕದ ಕುಂಡದ್ದು. ಆಮೇಲೆ ಅದರ ಪಕ್ಕದ್ದು.

ಅಷ್ಟೂ ಪ್ಲಾಸ್ಟಿಕ್ಕು. ಒಣಗಿ ನಿಂತಿದ್ದ ನಿಜವಾದ ಗಿಡಗಳನ್ನು ಕಾವಲುಗಾರ ಹಿಂಬದಿಗೆ ಸಾಗಿಸಿ, ಆಫೀಸಿನ ಕೋಣೆಕೋಣೆಗಳ ಮೇಜಿನ ಮೇಲಿದ್ದ ಕುಂಡಗಳನ್ನು ತಂದು ಸಾಲಾಗಿ ಜೋಡಿಸಿದ್ದ. ಒಂದರ ಬುಡದಲ್ಲಿ ಅಂಗಡಿಯವರ ಚೀಟಿ ಇನ್ನೂ ಅಂಟಿಕೊಂಡಿತ್ತು. ಕನ್ನಡಕದಣ್ಣ ತಲೆಯ ಮೇಲಿನ ಗಾಜಿನ ಮಾಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ನೀರು ಹಾಕೋ ತಾಪತ್ರಯ ಇಲ್ಲ. ಅದೊಂದು ಅನುಕೂಲ,” ಎಂದಳು ಮಗಳು. ಮುಖದಲ್ಲಿ ಕೋಪವಿರಲಿಲ್ಲ. ನಗುವೂ ಇರಲಿಲ್ಲ, ಆದರೆ ನಗು ಎಲ್ಲೋ ಹತ್ತಿರದಲ್ಲೇ ಇತ್ತು.

ಕನ್ನಡಕದಣ್ಣನಿಗೆ ಇನ್ನೂ ಒಂದು ಆಸರೆ ಉಳಿದಿತ್ತು, ಪ್ರೊಫೆಸರರದು. ಎರಡು ದಿನದ ಹಿಂದೆ ಅವರು ಅಂಗಡಿಯ ಕುರ್ಚಿಯಲ್ಲಿ, ಚೌಕಟ್ಟು ಮೂಗಿಗೇರಿಸಿಕೊಂಡು, ಒಂದು ಕಣ್ಣು ಮುಚ್ಚಿಸಿಕೊಂಡು ಕೂತಿದ್ದಾಗ ಕನ್ನಡಕದಣ್ಣ ಮೆಲ್ಲನೆ ವಿಷಯ ತೆಗೆದಿದ್ದ. ಬೆಟ್ಟದ ಕ್ಯಾಂಪಸ್ಸಿನಲ್ಲಿ ನೀರು ಕೆಟ್ಟದ್ದು, ಹಾವು ಜಾಸ್ತಿ, ಮೇಷ್ಟ್ರುಗಳು ಪಾಠಕ್ಕೆ ಬರುವುದಿಲ್ಲ ಎಂದು ಮಗಳಿಗೆ ಎರಡು ಮಾತು ಹೇಳಿಬಿಡಿ ಸರ್ ಎಂದು ಕೇಳಿಕೊಂಡಿದ್ದ. ಪ್ರೊಫೆಸರು ಅದಕ್ಕೆ “ಹೂಂ” ಎಂದಿದ್ದರು. ಆ ಹೂಂ ಎದುರಿನ ಅಕ್ಷರ ಕಾಣುತ್ತಿದೆ ಎಂದು ಹೇಳಿದ್ದೋ, ಕೇಳಿದ ಉಪಕಾರಕ್ಕೆ ಒಪ್ಪಿದ್ದೋ ಎಂದು ಕನ್ನಡಕದಣ್ಣ ವಿಚಾರಿಸಲು ಹೋಗಿರಲಿಲ್ಲ.

ಪ್ರೊಫೆಸರು ಬಂದರು. ಹೊಸ ಕನ್ನಡಕಕ್ಕೆ ಕಣ್ಣು ಇನ್ನೂ ಒಗ್ಗದೆ, ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದರು. ಸಾಲುಗಟ್ಟಿದ ಕುಂಡಗಳನ್ನು ನೋಡಿ, ಯಾರೋ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಮೆಚ್ಚಿದರು. ಅದನ್ನು ಕೇಳಿ ಕನ್ನಡಕದಣ್ಣನಿಗೆ ತನ್ನ ಕೈಗೆಲಸದ ಮೇಲೇ ಸಂಶಯ ಬಂತು. ಆದರೂ ಧೈರ್ಯ ಮಾಡಿ, “ಸರ್, ಇವಳಿಗೆ ಬೆಟ್ಟದ ಕ್ಯಾಂಪಸ್ ಬಗ್ಗೆ ಒಂಚೂರು ಹೇಳಿ, ಇದ್ದದ್ದು ಇದ್ದ ಹಾಗೆ,” ಎಂದು ಕಣ್ಣು ಮಿಟುಕಿಸಿದ.

ಮಿಟುಕಿಸಿದ್ದು ಅವರಿಗೆ ಕಾಣಲಿಲ್ಲ. ಅವರು ಮಗಳ ಎದುರು ನಿಂತು, ಗಂಟಲು ಸರಿಪಡಿಸಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಮಾತು ಶುರು ಮಾಡಿದರು.

“ನೋಡಮ್ಮ, ನಾನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಿಮ್ಮಪ್ಪ ನನ್ನ ಹತ್ರ ಒಂದು ಸಹಾಯ ಕೇಳಿದ್ರು. ಅಲ್ಲಿ ನೀರು ಸರಿಯಿಲ್ಲ, ಹಾವಿದೆ, ಪಾಠ ಮಾಡಲ್ಲ ಅಂತ ಹೇಳಬೇಕಂತೆ. ಕನ್ನಡಕ ಚೆನ್ನಾಗಿ ಮಾಡ್ಕೊಟ್ಟಿದ್ದಾರೆ, ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ. ಆದ್ರೆ ನನ್ನ ಕೈಯಲ್ಲಿ ಆಗಲ್ಲಮ್ಮ. ನಾನು ಓದಿದ್ದೇ ಅಲ್ಲಿ.”

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಬೆಟ್ಟದ ಕ್ಯಾಂಪಸ್ಸಿಗೆ ಸ್ವಂತ ಕಾಡಿದೆ, ತರಗತಿ ನಡೆಯುವುದೇ ಮರದ ಬುಡದಲ್ಲಿ, ಬೆಳಿಗ್ಗೆ ಕಿಟಕಿ ತೆಗೆದರೆ ಮೋಡ ಒಳಗೆ ಬಂದು ಹಾಸಿಗೆಯ ಮೇಲೆ ಕೂರುತ್ತದೆ, ತಾವು ಹುಡುಗನಾಗಿದ್ದಾಗ ನೆಟ್ಟ ಸಸಿ ಈಗ ಇಬ್ಬರು ತಬ್ಬಿದರೂ ತೋಳು ಸಾಲದಷ್ಟು ದಪ್ಪವಾಗಿದೆ. ಇಲ್ಲಿ ಏನಿದೆ ಎಂದು ಕೈಬೀಸಿ ಕುಂಡಗಳನ್ನು ತೋರಿಸಲು ಹೋದವರು, ಒಂದು ಎಲೆಗೆ ಕೈತಾಗಿ, ಮಾತು ನಿಲ್ಲಿಸಿ ಅದನ್ನು ಮುಟ್ಟಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಎಲ್ಲರ ಕಣ್ಣೂ ಕನ್ನಡಕದಣ್ಣನ ಮೇಲೆ. ಇಸ್ತ್ರಿಯಮ್ಮ ನಾಳೆ ಬೀದಿಯಲ್ಲಿ ಮಡಿಕೆ ಮಡಿಕೆಯಾಗಿ ಬಿಡಿಸಿ ಹೇಳಬೇಕಾದ ಕತೆಯನ್ನು ಆಗಲೇ ಮನಸ್ಸಿನಲ್ಲಿ ಮಡಿಸಿಡುತ್ತಿದ್ದಳು. ಮೇಷ್ಟ್ರು ಒದ್ದೆ ಅಂಗಿಯೊಳಗಿಂದ, ಛೆ, ಹೆತ್ತ ತಂದೆಯೇ ಎಂದು ನಿಟ್ಟುಸಿರುಬಿಟ್ಟರು. “ನಂಗೊತ್ತಿತ್ತು,” ಎಂದ ನಂಗೊತ್ತು.

ಇಂಗು ತಿಂದ ಮಂಗನ ಹಾಗೆ ನಿಂತ ಕನ್ನಡಕದಣ್ಣನಿಗೆ ಆಗ ಒಂದು ದಾರಿ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬೆನ್ನು ನೆಟ್ಟಗೆ ಮಾಡಿ, ದೊಡ್ಡದಾಗಿ ನಕ್ಕ. ಇದೆಲ್ಲ ಒಂದು ಪರೀಕ್ಷೆ ಎಂದ. ಮಗಳ ಮನಸ್ಸು ಗಟ್ಟಿಯಿದೆಯೋ ಇಲ್ಲವೋ, ಯಾರೋ ನಾಲ್ಕು ಸುಳ್ಳು ಹೇಳಿದರೆ ಅಲುಗಾಡುತ್ತದೋ ಎಂದು ನೋಡಲು ತಾನೇ ಹೂಡಿದ ಆಟ. ಪ್ಲಾಸ್ಟಿಕ್ ಗಿಡವೂ ಅದರ ಭಾಗವೇ. ತನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಬೆಟ್ಟದ ಕ್ಯಾಂಪಸ್ಸೇ. ಮಕ್ಕಳನ್ನು ಗೂಡಿನಲ್ಲಿ ಕಟ್ಟಿಹಾಕುವ ಅಪ್ಪ ತಾನಲ್ಲ.

ಜನ ಇದನ್ನು ನಂಬಿದರು. ನಂಬಿದರು ಎನ್ನುವುದಕ್ಕಿಂತ, ಮಗಳಿಗೆ ಮೋಸ ಮಾಡಲು ಹೊರಟ ಅಪ್ಪನ ಜೊತೆ ಅದೇ ವ್ಯಾನಿನಲ್ಲಿ ಮನೆಗೆ ಹೋಗುವುದಕ್ಕಿಂತ ತ್ಯಾಗಮೂರ್ತಿಯ ಜೊತೆ ಹೋಗುವುದು ಎಲ್ಲರಿಗೂ ಅನುಕೂಲವಾಗಿತ್ತು. ಮೇಷ್ಟ್ರು “ಶಹಬಾಸ್” ಎಂದು ಬೆನ್ನು ತಟ್ಟಿದರು. ಪ್ರೊಫೆಸರು ಅವನ ಎರಡೂ ಕೈ ಹಿಡಿದುಕೊಂಡು, ತಾನು ಎಂಥ ದೊಡ್ಡ ಮನುಷ್ಯನನ್ನು ತಪ್ಪು ತಿಳಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಕನ್ನಡಕದಣ್ಣ ಯಾರ ಕಡೆಗೂ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಮಗಳನ್ನು. ಊಟಕ್ಕೆ ಕೂತವನು ಸಾಕು ಎಂದು ಕೈ ಅಡ್ಡ ಹಿಡಿಯುವುದು ಇನ್ನೂ ಒಂದು ಸಲ ಬಡಿಸಲಿ ಎಂದೇ ಅಲ್ಲವೇ? ಈಗ ಅವಳು, ಇಲ್ಲಪ್ಪ, ನಿನ್ನ ಬಿಟ್ಟು ನಾನೆಲ್ಲಿ ಹೋಗಲಿ, ಹತ್ತಿರದ್ದೇ ಸಾಕು ಎನ್ನಬೇಕು. ಅನ್ನುತ್ತಾಳೆ. ಆ ಸ್ಟೂಲಿನ ಮೇಲೆ ಬೆಳೆದ ಹುಡುಗಿ ಅನ್ನದೆ ಇರುವುದಿಲ್ಲ.

ಮಗಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ಅವನ ಅಂಗಡಿಯ ಧಾಟಿಯಲ್ಲೇ, ಆದರೆ ಬಹಳ ಮೆತ್ತಗೆ ಕೇಳಿದಳು.

“ಅಪ್ಪಾ, ಸರಿಯಾಗಿ ನೋಡಿ ಹೇಳು. ಇದಾ, ಅದಾ?”

ಅದೊಂದು ಬಾಗಿಲು. ಇದು ಎಂದರೆ ಸಾಕಿತ್ತು, ಎರಡೇ ಅಕ್ಷರ. ಆದರೆ ಬೆನ್ನ ಮೇಲೆ ಮೇಷ್ಟ್ರ ಕೈ ಇತ್ತು, ಎರಡೂ ಕೈ ಪ್ರೊಫೆಸರರ ಹಿಡಿತದಲ್ಲಿತ್ತು, ಇಸ್ತ್ರಿಯಮ್ಮ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಬಿಸಿತುಪ್ಪ ಬಾಯಿಗೆ ಬಿದ್ದಾಗಿತ್ತು, ಉಗುಳುವ ಹಾಗಿರಲಿಲ್ಲ.

“ಅದು,” ಎಂದ ಕನ್ನಡಕದಣ್ಣ.

ಮಗಳ ಮುಖ ಅರಳಿದ ರೀತಿ ನೋಡಿ ಅವನಿಗೆ ಮೊದಲ ಸಲ ಭಯವಾಯಿತು. ಅವಳು ಅವನ ಕುತ್ತಿಗೆಗೆ ಜೋತುಬಿದ್ದಳು. ಚಿಕ್ಕವಳಿದ್ದಾಗ ಹೀಗೆ ಬೀಳುತ್ತಿದ್ದಳು, ಆಮೇಲೆ ಎಷ್ಟೋ ವರ್ಷದಿಂದ ಬಿದ್ದಿರಲಿಲ್ಲ. ಆಮೇಲೆ ಕೈಗಡಿಯಾರ ನೋಡಿ, ಅಯ್ಯೋ ಐದಾಗುತ್ತೆ ಎಂದವಳೇ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿ ಆಫೀಸಿನ ಕಟ್ಟಡದತ್ತ ಓಡಿದಳು. ಓಡುವಾಗ ಕಾರಂಜಿ ಇನ್ನೊಮ್ಮೆ ಉಗುಳಿತು. ಅವಳು ಅದನ್ನೂ ಹಾರಿ ದಾಟಿದಳು.

ನಿಲ್ಲು ಎಂದು ಕೂಗಬೇಕೆಂದು ಅವನ ಬಾಯಿ ತೆರೆಯಿತು. ಮೇಷ್ಟ್ರು ಬೆನ್ನು ತಟ್ಟುವುದನ್ನು ಇನ್ನೂ ನಿಲ್ಲಿಸಿರಲಿಲ್ಲವಾದ್ದರಿಂದ ಬಂದದ್ದು ಕೆಮ್ಮು ಮಾತ್ರ. ಬೆಟ್ಟದ ಕ್ಯಾಂಪಸ್ಸೇ ಸರಿ ಎಂದು ದಾರಿಯಲ್ಲಿ ತಾವು ಬಡಿದುಕೊಂಡದ್ದು ಸಾರ್ಥಕವಾಯಿತು ಎಂದು ಮೇಷ್ಟ್ರು ಪ್ರೊಫೆಸರರಿಗೆ ವಿವರಿಸುತ್ತಿದ್ದರು.

ವ್ಯಾನು ಹಿಂದಿರುಗುವಾಗ ನಂಗೊತ್ತು ಮುಖ್ಯರಸ್ತೆಯಲ್ಲೇ ಬಂದ. ದಾರಿ ಸಿಟಿ ಬಸ್ಸಿಗಿಂತ ಬೇಗ ಮುಗಿಯಿತು. ಇಷ್ಟು ಹತ್ತಿರವಾ ಎಂದು ಇಸ್ತ್ರಿಯಮ್ಮ ಆಶ್ಚರ್ಯಪಟ್ಟಳು. ಮಗಳು ಹಿಂದಿನ ಸೀಟಿನಲ್ಲಿ ಅಪ್ಪನ ತೋಳಿಗೆ ತೋಳು ಸಿಕ್ಕಿಸಿ ಕೂತು, ಒಂದೇ ಸಮನೆ ಮಾತಾಡುತ್ತಿದ್ದಳು. ಸ್ಟೂಲಿನ ಮೇಲೆ ಗಿರಕಿ ಹೊಡೆಯುತ್ತ ಮಾತಾಡುತ್ತಿದ್ದದ್ದು ಹೀಗೇ. ಬೀದಿಗೆ ತಿರುಗುವ ಹೊತ್ತಿಗೆ ಅವಳು ದನಿ ತಗ್ಗಿಸಿದಳು.

“ಒಂದು ಮಾತು ಹೇಳ್ತೀನಿ, ಬೈಬೇಡ. ಹೋದ ವಾರಾನೇ ನಾನು ಹತ್ತಿರದ್ದಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ಅಮ್ಮಂಗೆ ಮಾತ್ರ ಗೊತ್ತು.”

ಕನ್ನಡಕದಣ್ಣ ಅವಳ ಕಡೆಗೆ ತಿರುಗಿದ.

“ನಂಗೆ ಬೆಟ್ಟಾನೇ ಆಸೆ ಇತ್ತು. ಆದ್ರೆ ನೀನು ಒಬ್ಬನೇ ಆಗ್ಬಿಡ್ತೀಯ ಅಂತ ಹತ್ತಿರಾನೇ ಅಂತ ಮುಗಿಸ್ಬಿಟ್ಟಿದ್ದೆ. ಇವತ್ತು ನಿನ್ನ ಕೇಳಿದ್ದು ಸುಮ್ನೆ. ನೀನು ಹೇಗೂ ಹತ್ತಿರಾನೇ ಇರು ಅಂತೀಯ, ನೀನೇ ಆರಿಸಿದೆ ಅಂತ ನಿಂಗೂ ಖುಷಿ ಆಗ್ಲಿ ಅಂತ. ನೀನು ಗಿರಾಕಿಗಳಿಗೆ ಒಂದೇ ಗಾಜು ಎರಡು ಸಲ ಹಾಕ್ತೀಯಲ್ಲ, ಹಾಗೆ.” ಅವಳು ಅವನ ತೋಳಿಗೆ ತಲೆ ಆನಿಸಿದಳು. “ಆಫೀಸ್ನವರು ಬೈದ್ರು, ಕೊನೇ ಗಳಿಗೇಲಿ ಬದಲಾಯಿಸ್ತೀಯಲ್ಲ ಅಂತ. ನಮ್ಮಪ್ಪನೇ ಹೋಗು ಅಂದ್ರು ಅಂದೆ. ನೀನು ಹೋಗು ಅಂತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಅಪ್ಪಾ. ನಿನ್ನ ಬಗ್ಗೆ ಎಷ್ಟು ಸಣ್ಣದಾಗಿ ಯೋಚ್ನೆ ಮಾಡಿದ್ದೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಒಂದು ವಾರದಿಂದ ಬಾಯಲ್ಲೇ ಇತ್ತು. ಬೀದಿಯವರ ಮುಂದೆ ಮಾನ ಉಳಿಸಿಕೊಳ್ಳಲು ಅದನ್ನು ತಾನೇ ಉಗುಳಿ, ಮೇಲೆ ಬೆನ್ನು ತಟ್ಟಿಸಿಕೊಂಡು ಬಂದಿದ್ದ. ಸುಮ್ಮನೆ ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೂ ಸಾಕಿತ್ತು, ಅವಳು ಇಲ್ಲೇ ಉಳಿಯುತ್ತಿದ್ದಳು. ಇದನ್ನು ಯಾರ ಮುಂದೆ ಹೇಳಿ ಅಳುವುದು? “ಒಳ್ಳೇದಾಯ್ತು ಬಿಡು,” ಎಂದ.

ಬೀದಿಯಲ್ಲಿ ಇಳಿಯುತ್ತಲೇ ಮಗಳು, ಸೂಟ್‌ಕೇಸು ಅಟ್ಟದ ಮೇಲಿರಬೇಕು ಎಂದು ಮಾವನನ್ನು ಎಳೆದುಕೊಂಡು ಮನೆಗೆ ಓಡಿದಳು. ಇಸ್ತ್ರಿಯಮ್ಮ ಕತೆ ಬಿಡಿಸಲು ಹೊರಟಳು. ಕನ್ನಡಕದಣ್ಣ ಮನೆಗೆ ಹೋಗಲು ಮನಸ್ಸಾಗದೆ ಅಂಗಡಿಯ ಷಟರು ಎತ್ತಿದ. ಹಿಂದೆಯೇ ಬಂದ ಮೇಷ್ಟ್ರು, ಕಾರಂಜಿಯ ನೀರು ಬಿದ್ದಾಗಿನಿಂದ ಕಣ್ಣು ಮಂಜಾಗಿದೆ, ಹೇಗೂ ಅಂಗಡಿ ತೆಗೆದಿದ್ದೀರಿ, ಒಂದು ಪರೀಕ್ಷೆ ಆಗಿಯೇ ಹೋಗಲಿ ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಅವನು ಚೌಕಟ್ಟು ಏರಿಸಿದ, ಗಾಜು ಹಾಕಿದ, ತೆಗೆದ, ಒರೆಸಿದ, ಮತ್ತೆ ಹಾಕಿದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. “ಇದಾ, ಅದಾ?”

ಮೇಷ್ಟ್ರು ಕತ್ತು ಮುಂದೆ ಚಾಚಿ, ಎರಡನೆಯದೇ, ಅನುಮಾನವೇ ಇಲ್ಲ, ಬೆಳಕು ಬಂದ ಹಾಗಿದೆ ಎಂದರು. ಯಾವುದು ಸರಿ ಎಂದು ಗುರುತಿಸುವುದರಲ್ಲಿ ತಮ್ಮದು ಮೊದಲಿನಿಂದಲೂ ಎತ್ತಿದ ಕೈ, ಇವತ್ತು ಕ್ಯಾಂಪಸ್ಸಿನ ವಿಷಯದಲ್ಲೂ ಅದೇ ಆಯಿತಲ್ಲ ಎಂದು ಸೇರಿಸಿದರು.

ಇಷ್ಟು ವರ್ಷದಲ್ಲಿ ಕನ್ನಡಕದಣ್ಣ ಮನಸ್ಸಿನಲ್ಲಿದ್ದದ್ದನ್ನು ಸೀದಾ ಬಾಯಿಗೆ ತಂದದ್ದು ಅದೇ ಮೊದಲು. “ಎರಡೂ ಒಂದೇ ಗಾಜು ಮೇಷ್ಟ್ರೇ. ಯಾವಾಗ್ಲೂ ಒಂದೇ. ನಿಮಗೇನೂ ಗೊತ್ತಾಗಲ್ಲ.”

ಮೇಷ್ಟ್ರು ಚೌಕಟ್ಟನ್ನು ಮೂಗಿನಿಂದ ಕಿತ್ತು ಮೇಜಿನ ಮೇಲಿಟ್ಟು, ಕೊಡೆ ಎತ್ತಿಕೊಂಡು ಹೊರಟುಹೋದರು. ತ್ಯಾಗಮೂರ್ತಿಯ ಕೀರ್ತಿ ಬೀದಿಯ ಆ ತುದಿ ಮುಟ್ಟುವ ಮೊದಲೇ, ಕನ್ನಡಕದ ಅಂಗಡಿಯಲ್ಲಿ ಒಂದೇ ಗಾಜು ಎರಡು ಸಲ ಹಾಕಿ ಜನರನ್ನು ಮಂಗ ಮಾಡುತ್ತಾರೆ ಎಂಬ ಸುದ್ದಿ ಈ ತುದಿಯಿಂದ ಹೊರಟಿತು. ಎರಡು ಸುದ್ದಿಗಳಲ್ಲಿ ಎರಡನೆಯದಕ್ಕೇ ಕಾಲು ಜಾಸ್ತಿ.

ಕತ್ತಲಾಗುವವರೆಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಕನ್ನಡಕದಣ್ಣ ದೀಪ ಆರಿಸಿ ಹೊರಗೆ ಬಂದು, ಷಟರಿನ ನಡುವಿಗೆ ಕೊಕ್ಕೆ ಹಾಕಿ ಎಳೆದ. ಬಲಗಡೆ ಕಚ್ಚಿಕೊಂಡಿತು. ಅಭ್ಯಾಸಬಲದಿಂದ ಒಂದು ಗಳಿಗೆ ಹಾಗೇ ಹಿಡಿದು ಕಾದ. ಮನೆಯ ಕಡೆಯಿಂದ ಮಗಳು ಜೋರಾಗಿ ನಗುವುದು, ಸೂಟ್‌ಕೇಸು ಅಟ್ಟದಿಂದ ಧೊಪ್ಪನೆ ಬೀಳುವುದು ಕೇಳಿಸಿತು. ಅವನು ಕೊಕ್ಕೆ ಕೆಳಗಿಟ್ಟು, ಬಲಗಡೆಗೆ ಹೋಗಿ ಅಂಗೈ ಕೊಟ್ಟು ಒತ್ತಿದ. ಈಗ ನಡುವಿನಲ್ಲಿ ಎಳೆಯುವವರು ಇರಲಿಲ್ಲ.